ಒಂದು ಒಲೆಯ ಕಸುವು

ನಮ್ಮ ಊರಿನಲ್ಲಿ ಭಾರ ಎತ್ತುವ ಮೊದಲು ಮನೆಗೆ ಹೇಳಬೇಕು. ಬಾವಿಯ ಕಟ್ಟೆಯಿಂದ ಕೊಡ ಎತ್ತುವವಳಿರಲಿ, ಹೊಲದಲ್ಲಿ ಚೀಲ ಹೆಗಲಿಗೇರಿಸುವವನಿರಲಿ, ಒಂದು ಸಲ “ಎತ್ತತೇನೀ” ಎಂದು ಕೂಗುತ್ತಾರೆ. ಮನೆಯಲ್ಲಿದ್ದವರು ಕೈಯಲ್ಲಿದ್ದುದನ್ನು ಕೆಳಗಿಟ್ಟು, ಕೂತು, “ಕುಂತೇವೀ” ಎಂದು ಓಗೊಡುತ್ತಾರೆ. ಆಮೇಲೆ ಭಾರ ಏಳುತ್ತದೆ. ಮನೆ ದೂರವಿದ್ದರೆ ಕೂಗು ಬಾಯಿಂದ ಬಾಯಿಗೆ ಹೋಗಿ ಮುಟ್ಟುತ್ತದೆ, ಓಗೊಟ್ಟ ಮಾತು ಹಾಗೆಯೇ ತಿರುಗಿ ಬರುತ್ತದೆ. ಪರಸ್ಥಳದವರಿಗೆ ಮೊದಮೊದಲು ನಮ್ಮ ಓಣಿಗಳು ಬರೀ ಗದ್ದಲವೆನಿಸುತ್ತವೆ. ನಾಲ್ಕು ದಿನ ಇದ್ದರೆ ಕಿವಿ ಪಳಗಿ, ಯಾರ ಮನೆಯಲ್ಲಿ ಏನು ಏಳುತ್ತಿದೆ, ಯಾರು ಕೂತಿದ್ದಾರೆ ಎಂಬುದು ಇದ್ದಲ್ಲಿಂದಲೇ ತಿಳಿಯುತ್ತದೆ.

ಒಂದು ಒಲೆಗೆ ಒಂದು ಕಸುವು. ಆ ಒಲೆಗೆ ಅವತ್ತು ಯಾರು ಯಾರು ಕಟ್ಟಿಗೆ ಇಡುತ್ತಾರೋ ಅವರೆಲ್ಲರ ನಡುವೆ ಅದು ಓಡಾಡುತ್ತದೆ, ಮಾರನೆಯ ಬೆಳಿಗ್ಗೆ ಬೂದಿ ತೆಗೆಯುವ ತನಕ. ಒಬ್ಬರು ಬಳಸಿದಷ್ಟು ಉಳಿದವರಿಗೆ ಕಡಿಮೆ. ಅದಕ್ಕೇ ನಮ್ಮಲ್ಲಿ ಬೀಗರು ಬಂದರೆ ತುಪ್ಪ ಬಡಿಸುತ್ತೇವೆ, ಹಾಸಿಗೆ ಬಿಟ್ಟುಕೊಡುತ್ತೇವೆ, ಒಲೆಗೆ ಕಟ್ಟಿಗೆ ಮಾತ್ರ ಇಡಗೊಡುವುದಿಲ್ಲ. ಉಂಡು ಹೋಗುವವರಿಗೆ ಅನ್ನದ ಋಣ ಸಾಕು, ಕಸುವಿನ ಋಣ ಯಾಕೆ ಎನ್ನುತ್ತಾರೆ ಹಿರಿಯರು. ಹೊಸ ಸೊಸೆ ಮೊದಲ ಕಟ್ಟಿಗೆ ಇಟ್ಟ ಬೆಳಿಗ್ಗೆ ಅತ್ತೆಯಾದವಳು ಎದ್ದು ನಿಂತು ನೋಡಿಕೊಳ್ಳುತ್ತಾಳೆ. ಮೈ ಹಗುರವಾದರೆ ಓಣಿಗೆಲ್ಲ ಸಕ್ಕರೆ ಹಂಚುತ್ತಾಳೆ, ಭಾರವಾದರೆ ಸುಮ್ಮನಿರುತ್ತಾಳೆ. ಓಣಿಗೆ ಅದೂ ಗೊತ್ತಾಗುತ್ತದೆ.

ನಮ್ಮ ಒಲೆಗೆ ಕಟ್ಟಿಗೆ ಇಡುವವರು ಇಬ್ಬರೇ. ನಾನು, ಕಾಶವ್ವ ದೊಡ್ಡವ್ವ. ದೊಡ್ಡವ್ವ ನನ್ನ ತಾಯಿಯ ಅಕ್ಕ. ನನ್ನನ್ನು ಹಡೆದವಳು ನಾನು ಅಂಬೆಗಾಲಿಡುವಾಗಲೇ ಹೋದಳು. ಆಮೇಲೆ ಉಣ್ಣಿಸಿದ್ದು, ತಲೆ ಬಾಚಿದ್ದು, ಬೆನ್ನಿಗೆ ಬಾರಿಸಿದ್ದು ಎಲ್ಲ ಇವಳೇ. ಬಸ್‌ಸ್ಟ್ಯಾಂಡಿನ ಎದುರಿಗೆ ಅವಳದೊಂದು ಖಾನಾವಳಿ. ಎರಡು ಬೆಂಚು, ಒಂದು ಒಲೆ, ಹಿಂದೆ ನಾವು ಮಲಗುವ ಕೋಣೆ. ಅವಳ ಜೋಳದ ರೊಟ್ಟಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಬೆಳಕಿಗೆ ಹಿಡಿದರೆ ಆಚೆ ನಿಂತವರ ನೆರಳು ಕಾಣುವಷ್ಟು ತೆಳ್ಳಗೆ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವುದು ನೋಡುವವರಿಗೆ ಅಂಗೈ ಆಟ. ಬಡಿಯುವವರಿಗೆ ಗೊತ್ತು, ಭುಜದಿಂದ ಬೆರಳ ತುದಿಯ ತನಕ ಕಸುವು ಒಂದೇ ಸಮನೆ ಹರಿಯಬೇಕು. ಅದು ತಗ್ಗಿದರೆ ನಡುವೆ ದಪ್ಪ, ಅಂಚಿಗೆ ಬಿರುಕು. ನಾನು ಹೇಳುತ್ತಿರುವ ಈ ವರ್ಷದ ಮಳೆಗಾಲದಲ್ಲಿ ಬಂದ ಜ್ವರವೊಂದು ಅವಳ ಬೆರಳ ಗಿಣ್ಣುಗಳಲ್ಲಿ ಕೂತುಬಿಟ್ಟಿತ್ತು. ಎದ್ದು ಓಡಾಡುವಂತಾಗಿದ್ದಳು, ರೊಟ್ಟಿಯೂ ಬಡಿಯುತ್ತಿದ್ದಳು, ಆದರೆ ಮೊದಲಿನ ಕಾಶವ್ವ ಆಗಿರಲಿಲ್ಲ.

ಬೇಸ್‌ಬಾಲ್ ನಮ್ಮೂರಿಗೆ ಬಂದದ್ದು ಒಂದು ಕಬ್ಬಿಣದ ಟ್ರಂಕಿನಲ್ಲಿ. ಹೈಸ್ಕೂಲಿನ ಡ್ರಿಲ್ ಮಾಸ್ತರರೊಬ್ಬರು ತಂದಿದ್ದರು. ಅವರಿಗೆ ವರ್ಗವಾದಾಗ ಟ್ರಂಕು ಇಲ್ಲೇ ಉಳಿಯಿತು, ಆಟವೂ ಉಳಿಯಿತು. ಕುಸ್ತಿ ನಮ್ಮಲ್ಲಿ ಹಳೆಯದೇ, ಆದರೆ ಅದು ದೊಡ್ಡ ಮನೆತನದವರ ಆಟ. ಒಬ್ಬ ಪೈಲ್ವಾನ ಕಣಕ್ಕಿಳಿದರೆ ಮನೆಮಂದಿಯೆಲ್ಲ ಗೋಡೆಗೊರಗಿ ಕೂರಬೇಕು. ಬೇಸ್‌ಬಾಲಿನ ಚೆಂಡಾದರೋ ಒಂದು ಪೇರಲಹಣ್ಣಿನಷ್ಟು. ಸಣ್ಣ ಮನೆಗಳವರು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಇದು ನಮಗೆ ಒಗ್ಗುವ ಆಟ ಅಂದುಕೊಂಡರು. ಹುಡುಗಿಯರದೂ ಒಂದು ತಂಡ ಎದ್ದಿತು. ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ, ಹೆಂಟೆ ಬೀಸಿ ಹಕ್ಕಿ ಕಾಯ್ದು ಬೆಳೆದವಳು ನಾನು. ಹಾಗಾಗಿ ಬ್ಯಾಟು ಹಿಡಿದವಳ ಕಡೆ ಚೆಂಡು ಎಸೆಯುವ ಪಿಚರ್ ಕೆಲಸ ನನಗೇ ಬಂತು. ಬ್ಯಾಟಿನವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಹಿಡಿಯುವವಳು ಬಡಿಗೇರ ಮನೆಯ ಸಾವಂತ್ರಿ. ಅವಳಿಗೆ ಅಂಗೈಯೂ ಗಟ್ಟಿ, ಬಾಯಿಯೂ ಗಟ್ಟಿ.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಹೊಳೆಯಾಚೆಯ ಊರಿನ ತಂಡದ ಮೇಲೆ ನಮ್ಮ ಪಂದ್ಯ. ಅಲ್ಲಿಯವರ ಕಸುವು ಅವರವರ ಮೈಯಲ್ಲೇ ಇರುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಹಿಂದಿನ ವರ್ಷ ಅರ್ಧ ಆಟದ ತನಕ ನಾವೇ ಮುಂದಿದ್ದೆವು. ಆಮೇಲೆ ನನ್ನ ತೋಳು ಸೋತು, ಚೆಂಡು ಬ್ಯಾಟಿಗೆ ಹೇಳಿ ಕಳಿಸಿದ ಹಾಗೆ ಹೋಗತೊಡಗಿತು. ಅವತ್ತು ತಲೆ ತಗ್ಗಿಸಿ ಬಂದವರು ನೇರ ಗರಡಿಮನೆಗೆ ಹೋಗಿ ದಸ್ತಗೀರ ಉಸ್ತಾದರ ಮುಂದೆ ನಿಂತೆವು.

“ಚೆಂಡಿನ ಆಟ ನನಗ ಗೊತ್ತಿಲ್ಲ, ಬೇಟಿ,” ಅಂದರು ಉಸ್ತಾದರು. “ಕಸುವು ಗೊತ್ತೈತಿ. ಕಸುವಿದ್ರ ಚೆಂಡಾದ್ರೇನು, ಗುಂಡಾದ್ರೇನು.”

ಗರಡಿಯಲ್ಲಿ ಅವರ ಅಜ್ಜನ ಕಾಲದ ಸಂಗ್ರಾಣಿ ಕಲ್ಲುಗಳಿದ್ದವು, ಹಿಡಿಕೆ ಕೊರೆದ ಎತ್ತುವ ಕಲ್ಲುಗಳು. ಆ ವರ್ಷ ದಿನಾ ಬೆಳಿಗ್ಗೆ ಕಲ್ಲು, ಆಮೇಲೆ ದಂಡ, ಆಮೇಲೆ ಗದೆ ತಿರುಗಿಸುವುದು, ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಮತ್ತೆ ಕಲ್ಲು. ಕಲ್ಲಿಗೆ ಕೈ ಹಾಕುವ ಮೊದಲು ನಾನು ಗರಡಿಯ ಬಾಗಿಲಲ್ಲಿ ನಿಂತು “ಎತ್ತತೇನೀ” ಎಂದು ಕೂಗುತ್ತಿದ್ದೆ. ಕೂಗು ಕಮ್ಮಾರರ ಓಣಿ ದಾಟಿ, ಊರಬಾಗಿಲ ಅಗಸಿ ದಾಟಿ, ಬಸ್‌ಸ್ಟ್ಯಾಂಡು ಮುಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ದೊಡ್ಡವ್ವನ “ಕುಂತೇನೀ” ಬಂದು ಮುಟ್ಟುತ್ತಿತ್ತು. ಕಲ್ಲು ಏಳುತ್ತಿತ್ತು. ನನ್ನ ತೋಳು ದಪ್ಪಗಾದವು. ಕುಪ್ಪಸದ ತೋಳು ಬಿಚ್ಚಿ ಹೊಲಿಸಬೇಕಾಯಿತು.

ಅದರ ಸಂಗಡವೇ ರೊಟ್ಟಿಯೂ ದಪ್ಪಗಾಯಿತು.

ಮೊದಲು ಅಂದವನು ಅಡಿವೆಪ್ಪ ಕಾಕಾ. ಮಧ್ಯಾಹ್ನದ ಬಸ್ಸಿನ ಕಂಡಕ್ಟರ. ಬಸ್ಸು ನಿಂತ ಕೂಡಲೇ ಗಂಟುಮೂಟೆ ಇಳಿಸಿ, ಚೀಲ ಕಂಕುಳಲ್ಲಿಟ್ಟುಕೊಂಡು ನಮ್ಮ ಬೆಂಚಿಗೆ ಬಂದು ಕೂರುವುದು ಅವನ ಪದ್ಧತಿ.

“ಕಾಶವ್ವಾ, ಇದು ರೊಟ್ಟಿ ಕೊಟ್ಟೀಯೋ, ಕೌದಿ ಕೊಟ್ಟೀಯೋ? ಉಣ್ಣಲೋ, ಹೊಚ್ಕೊಳ್ಲೋ?”

“ಹೊಚ್ಕೊಂಡು ಮಲಗು. ಬಾಯಾರ ಮುಚ್ತೈತಿ,” ಅಂದಳು ದೊಡ್ಡವ್ವ.

“ಇವತ್ತ ಹುಡುಗಿ ದೊಡ್ಡ ಕಲ್ಲಿಗೆ ಕೈ ಹಾಕ್ಯಾಳಂತ ಕಾಣ್ತೈತಿ. ನಿನ್ನಿ ಸಣ್ಣದಿರಬೇಕು, ರೊಟ್ಟಿ ಹಲ್ಲಿಗೆ ಹತ್ತಿತ್ತು.”

ಬೆಂಚಿನವರು ನಕ್ಕರು. ದಿನ ಕಳೆದಂತೆ ಅದೊಂದು ರೂಢಿಯೇ ಆಯಿತು. ಗರಡಿಯಲ್ಲಿ ಬೆಳಿಗ್ಗೆ ಏನು ನಡೆಯಿತೆಂದು ತಿಳಿಯಲು ಯಾರೂ ಗರಡಿಗೆ ಹೋಗುತ್ತಿರಲಿಲ್ಲ, ನಮ್ಮ ರೊಟ್ಟಿ ಮುರಿದು ನೋಡುತ್ತಿದ್ದರು. ದೊಡ್ಡವ್ವ ನಗುತ್ತಲೇ ಮುಂದಿನ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ನಾನು ಕೇಳಿದರೆ, “ಹಿಟ್ಟು ಹಳೇದು, ಜಿಗಿ ಬಿಟ್ಟೈತಿ” ಅನ್ನುತ್ತಿದ್ದಳು. ನಾನು ನಂಬಿದೆ. ಓಗೊಟ್ಟ ಮಾತು ಬರುತ್ತಿತ್ತಲ್ಲ.

ಒಂದು ದಿನ ನಾನು ಗರಡಿಯಿಂದ ಬರುವಾಗ ಅಡಿವೆಪ್ಪ ಕಾಕಾ ಬಸ್ಸಿನ ಏಣಿಯ ಕೆಳಗೆ ನನ್ನನ್ನು ನಿಲ್ಲಿಸಿದ. ಅವತ್ತು ಅವನ ಮುಖದಲ್ಲಿ ಚೇಷ್ಟೆ ಇರಲಿಲ್ಲ.

“ನೀಲೀ, ನಾ ಹೇಳಿದ್ನೆಂತ ಕಾಶವ್ವಗ ಹೇಳಬ್ಯಾಡ. ನಿನ್ನ ಕೂಗು ಬರ್ತೈತಲಾ, ಆಕಿ ಕುಂತೇನೀ ಅಂತ ಒದರ್ತಾಳ. ಕುಂದ್ರಂಗಿಲ್ಲ. ಒಲಿ ಮುಂದ ಹಂಗ ರೊಟ್ಟಿ ಬಡೀತಿರ್ತಾಳ. ಇವತ್ತ ಸಾರಿನ ಭಾಂಡೆ ಇಳಸೋ ಹೊತ್ತಿಗೆ ನೀ ಕಲ್ಲೆತ್ತೀದಿ. ಭಾಂಡೆ ಕೈಬಿಟ್ಟು ಬಿತ್ತು. ಕಾಲ ಮ್ಯಾಲ ಬೀಳಲಿಲ್ಲ, ಅಷ್ಟ ಪುಣ್ಯ.”

“ಯಾಕ ಕುಂದ್ರಂಗಿಲ್ಲ, ಕಾಕಾ?”

“ಹಸದ ಮಂದಿ ಬೆಂಚಿನ ಮ್ಯಾಲ ಕುಂತಾಗ ಖಾನಾವಳಿಯಾಕಿ ಹ್ಯಾಂಗ ಕುಂದ್ರತಾಳಬೇ?”

ಒಳಗೆ ಹೋದೆ. ನೆಲ ತೊಳೆದು ಒರೆಸಿಯಾಗಿತ್ತು. ದೊಡ್ಡವ್ವ ಒಲೆಯ ಮುಂದೆ ಹೊಸ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಬೆರಳ ಗಿಣ್ಣುಗಳಿಗೆ ಅರಿಶಿನ ಹಚ್ಚಿಕೊಂಡಿದ್ದಳು. ಅಷ್ಟೂ ತಿಂಗಳು ಅವಳು ನಿಂತುಕೊಂಡೇ ನನಗೆ ಕೊಟ್ಟಿದ್ದಳು. ಕೂತವರು ಕೊಟ್ಟರೆ ಕಸುವು ಹರಿದು ಬರುತ್ತದೆ. ನಿಂತವರಿಂದ ಅದು ಕಿತ್ತು ಬರುತ್ತದೆ. ಗಿಡದಿಂದ ಹಣ್ಣು ಬಿಡಿಸುವುದಕ್ಕೂ ಟೊಂಗೆ ಸೀಳುವುದಕ್ಕೂ ಇರುವಷ್ಟು ಅಂತರ. ಎತ್ತುವವರಿಗೆ ಮಾತ್ರ ಎರಡೂ ಒಂದೇ.

ಮಾರನೆಯ ದಿನ ಉಸ್ತಾದರಿಗೆ ನಾನು ಆಟ ಬಿಡುತ್ತೇನೆ ಅಂದೆ. ಅವರು ಗಡ್ಡ ನೀವಿಕೊಂಡರು.

“ಒಲಿ ಬ್ಯಾರೆ ಮಾಡ್ಕೊ. ನನ್ನ ಪೈಲ್ವಾನರನ್ನ ನೋಡು, ಹಿತ್ತಲದಾಗ ಒಬ್ಬೊಬ್ಬಂದೂ ಒಂದೊಂದ ಒಲಿ. ನಿನ್ನ ಕಸುವು ನಿನಗ, ಆಕಿ ಕಸುವು ಆಕಿಗೆ. ಯಾರಿಗೂ ತ್ರಾಸಿಲ್ಲ.”

ಈ ಮಾತನ್ನು ದೊಡ್ಡವ್ವನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮಲ್ಲಿ ಒಲೆ ಬೇರೆ ಮಾಡುವುದೆಂದರೆ ಮದುವೆಗೆ, ಜಗಳಕ್ಕೆ, ಇಲ್ಲವೇ ಸಾವಿಗೆ. ಮನೆ ಹೊಕ್ಕು ನೋಡಿದರೆ ಅಟ್ಟದ ಮೇಲಿದ್ದ ಸಣ್ಣ ಕಬ್ಬಿಣದ ಒಲೆ ಕೆಳಗಿಳಿದಿತ್ತು. ದೊಡ್ಡವ್ವ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗಿಟ್ಟಿದ್ದಳು.

“ಇದ್ಯಾಕ ತಗದೀದಿ?”

“ತೊಗೊಂಡು ಹೋಗು. ನನ್ನ ಮುಪ್ಪಿನ ಮೈಗೆ ನೀ ಯಾಕ ಗಂಟು ಬೀಳ್ತಿ. ನಾ ಅಡ್ಡ ಆಗಾಕ ಬೆಳಸೀನೇನು ನಿನ್ನ?”

“ಅಡ್ಡ ಆಗಾಕತ್ತಿದ್ದು ನೀನಲ್ಲ, ನಾನು.”

“ಅಬ್ಬಾ, ತಿಳುವಳಿಕಿ ಬಂತು ನಮ್ಮವ್ವಗ. ಬಂದ ಮ್ಯಾಲ ಹೊಂಡು.”

ಇಬ್ಬರಿಗೂ ಸಿಟ್ಟು ಬಂತು. ಒಬ್ಬರ ಒಳ್ಳೆಯದಕ್ಕೆಂದೇ ಇನ್ನೊಬ್ಬರು ಆಡುತ್ತಿದ್ದ ಮಾತು ಎರಡೂ ಕಡೆ ಚುಚ್ಚಿತು. ಒಲೆ ಕಂಕುಳಲ್ಲಿಟ್ಟುಕೊಂಡು ಹೊರಟೆ. ಅವತ್ತು ಸಾವಂತ್ರಿಯ ಮನೆಯಲ್ಲಿ ಮಲಗಿ, ಬೆಳಿಗ್ಗೆ ಗರಡಿಯ ಹಿತ್ತಲಲ್ಲಿ ನನ್ನ ಒಲೆ ನಾನೇ ಹೊತ್ತಿಸಿದೆ. ಹಸಿ ಕಟ್ಟಿಗೆ, ಬರೀ ಹೊಗೆ. ಕಣ್ಣೊರೆಸಿಕೊಂಡು ಕಲ್ಲಿನ ಹತ್ತಿರ ಹೋದೆ. ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ಕೂಗುವುದಕ್ಕೆ ಯಾರೂ ಇರಲಿಲ್ಲ. ಕಲ್ಲು ಎದ್ದಿತು. ಯಾರ ಹಂಗೂ ಇಲ್ಲದೆ, ಯಾರ ಭಾಂಡೆಯೂ ಬೀಳದೆ ಎದ್ದಿತು. ಅದೇ ಬಿಸಿಯಲ್ಲಿ ಬಯಲಿಗೆ ಹೋಗಿ ಸಾವಂತ್ರಿಗೆ ಚೆಂಡು ಎಸೆದೆ, ಇದ್ದಷ್ಟೂ ತೋಳು ಹಾಕಿ.

ಸಾವಂತ್ರಿ ಹಿಡಿದ ಚೆಂಡನ್ನು ತಿರುವಿ ತಿರುವಿ ನೋಡಿದಳು. “ಏನಬೇ ಇದು? ಹೋದ ವರ್ಷದ್ದ ಚೆಂಡು ಈಗ ಬಂದು ಮುಟ್ಟಿತೇನು?”

“ಇನ್ನೊಂದು ಹಿಡಿ.”

“ಹಿಡೀತೀನಿ. ಬೇಕಂದ್ರ ನಡುವೆ ಒಂದು ಎಲಿ ಅಡಕಿ ಹಾಕ್ಕೊಂಡೂ ಹಿಡೀತೀನಿ.”

ಉಸ್ತಾದರು ಹಿಂದಿನಿಂದ ಬಂದು ನಿಂತಿದ್ದರು. ಅಲ್ಲಿಯ ತನಕ ಅವರು ನಮ್ಮ ಮೈ ನೋಡಿದ್ದರೇ ಹೊರತು ಆಟ ನೋಡಿರಲಿಲ್ಲ. ಒಂದು ಸ್ಟೂಲು ತರಿಸಿದರು. “ಇದರ ಮ್ಯಾಲ ಕುಂತು ಒಗಿ,” ಅಂದರು. ಕೂತು ಎಸೆದೆ. ಅಷ್ಟು ದಪ್ಪ ತೋಳಿದ್ದೂ ಚೆಂಡು ಅರ್ಧ ದಾರಿಯಲ್ಲಿ ನೆಲ ಕಂಡಿತು. “ಈಗ ಎದ್ದು, ಕಾಲು ಜೋಡಿಸಿ ಒಗಿ.” ತುಸು ದೂರ ಹೋಯಿತು. “ಈಗ ನಿನ್ನ ಹಂಗ ಒಗಿ.” ಹೆಜ್ಜೆ ಎತ್ತಿ, ಸೊಂಟ ತಿರುಗಿಸಿ ಎಸೆದೆ. ಅವರು ಚೆಂಡನ್ನು ನೋಡಲೇ ಇಲ್ಲ, ನನ್ನ ಹಿಂದಿನ ಕಾಲಿನ ಹತ್ತಿರ ಎದ್ದ ಧೂಳನ್ನು ನೋಡುತ್ತಿದ್ದರು. ಮತ್ತೆ ಮತ್ತೆ ಎಸೆಯಲು ಹೇಳಿದರು. ಧೂಳು ಹೆಚ್ಚು ಎದ್ದಾಗ ಸಾವಂತ್ರಿಯ ಕೈಗವಸಿನಲ್ಲಿ ಸದ್ದು ಹೆಚ್ಚು ಬರುತ್ತಿತ್ತು.

ಕೊನೆಗೆ ಉಸ್ತಾದರು ಆ ಸ್ಟೂಲಿನ ಮೇಲೆ ತಾವೇ ಕೂತರು. “ಹಡದವ್ವನಂಥಾಕಿ ಕಸುವು ತಂದು ನಾ ನಿನ್ನ ತೋಳಿಗೆ ತುಂಬೀನಿ. ಚೆಂಡು ಏಳೋದು ಹಿಂಬಡದಾಗ. ಕಾಲಿಂದ ಸೊಂಟಕ್ಕ, ಸೊಂಟದಿಂದ ಬೆನ್ನಿಗೆ, ತೋಳಿಗೆ ಬರೋದು ಕಡೀಕ. ಕಲ್ಲು ಕುಸ್ತಿಗೆ ಖರೆ. ಚೆಂಡಿಗೆ ಅಲ್ಲ.” ಅಷ್ಟು ವರ್ಷದ ಉಸ್ತಾದಿಕೆಯವರು ಹಾಗೆ ಹುಡುಗಿಯರ ಮುಂದೆ ನೇರವಾಗಿ ಹೇಳಿದ್ದನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಬೇರೆ ಯಾರಾದರೂ ಆಗಿದ್ದರೆ ಇನ್ನೂ ದೊಡ್ಡ ಕಲ್ಲು ತರಿಸುತ್ತಿದ್ದರು.

ಮಧ್ಯಾಹ್ನ, ಆರಿದ ಒಲೆಯನ್ನು ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಬಂದರೆ ಅಡಿವೆಪ್ಪ ಕಾಕಾ ಎದುರಾದ. “ಬಂದೇನವಾ, ಪೈಲ್ವಾನಿ? ಇವತ್ತ ರೊಟ್ಟಿ ನೋಡ್ಬೇಕಿತ್ತು, ಎಲಿ ಆಗ್ಯಾವ ಎಲಿ. ಉಣ್ಣಾಕ ಮಾತ್ರ ಆಗವಲ್ದು. ನಿಮ್ಮ ದೊಡ್ಡವ್ವ ಒಂದು ಮಾತಾಡವಲ್ಲಳು, ಬೈಯವಲ್ಲಳು. ನಾ ಎರಡು ಸಲ ಕೆಣಕಿದೆ, ಪಲ್ಯ ಹಾಕಿ ಸುಮ್ಮನ ಹ್ವಾದಳು.”

ಒಳಗೆ ಪರಾತದ ಮುಂದೆ ದೊಡ್ಡವ್ವ ಬರಿಗೈಯಲ್ಲಿ ಕೂತಿದ್ದಳು. ಬುಟ್ಟಿಯ ತುಂಬ ತೆಳ್ಳನೆಯ ರೊಟ್ಟಿ. ನನ್ನ ಕಂಕುಳಲ್ಲಿದ್ದ ಒಲೆಯನ್ನು ನೋಡಿದಳು.

“ಯಾಕ, ತೂತು ಬಿತ್ತೇನು ಅದಕ್ಕ?”

“ಹೊಗಿ ಭಾಳ.”

“ಹಸಿ ಕಟಗಿ ಇಟ್ಟಿರ್ತಿ. ಎಷ್ಟು ಸಲ ಹೇಳೀನಿ.” ಎದ್ದು, ಒಲೆ ಇಸಿದುಕೊಂಡು, ಅಟ್ಟದ ಮೇಲೆ ತಳ್ಳಿದಳು. “ಉಂಡೀಯಿಲ್ಲೋ?”

ಇಬ್ಬರೂ ಉಂಡಿರಲಿಲ್ಲ. ಉಣ್ಣುತ್ತ ಉಸ್ತಾದರ ಮಾತು ಹೇಳಿದೆ. ಆಮೇಲೆ, “ಇನ್ನ ಮ್ಯಾಲ ಕುಂತೇನೀ ಅಂದ್ರ ಕುಂತಿರಬೇಕು,” ಅಂದೆ. ಅವಳು ತುತ್ತು ನುಂಗಿ, “ಯಾವನು ಹೇಳಿದ ನಿನಗ?” ಅಂದಳು. ಹೊರಗೆ ಬೆಂಚಿನ ಮೇಲೆ ಅಡಿವೆಪ್ಪ ಕಾಕಾ ಜೋರಾಗಿ ಕೆಮ್ಮಿದ.

ಅಲ್ಲಿಂದ ಶುರುವಾಯಿತು ಆರಿಸುವ ಕೆಲಸ. ಉಸ್ತಾದರು ಗರಡಿ ಬಿಟ್ಟು ದಿನಾ ಮಧ್ಯಾಹ್ನ ನಮ್ಮ ಖಾನಾವಳಿಗೆ ಬರತೊಡಗಿದರು. ಒಂದೊಂದು ಸಾಮನ್ನು ಕೆಲವು ದಿನ ಮಾಡಿಸುವುದು, ಬಯಲಿನಲ್ಲಿ ಸಾವಂತ್ರಿಯ ಕೈಗವಸಿನ ಸದ್ದು ಕೇಳುವುದು, ಇಲ್ಲಿ ಬಂದು ರೊಟ್ಟಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುವುದು. ಸದ್ದು ಏರಬೇಕು, ರೊಟ್ಟಿ ದಪ್ಪವಾಗಬಾರದು. ಎರಡೂ ಕೂಡಿ ಬಂದರೆ ಆ ಸಾಮು ಉಳಿಯಿತು, ಇಲ್ಲವಾದರೆ ಹೋಯಿತು. ಕೆರೆಯ ಸುತ್ತ ಉದ್ದ ಓಡಿಸಿದರು. ರೊಟ್ಟಿ ತೆಳ್ಳಗೇ ಇತ್ತು, ಆದರೆ ದೊಡ್ಡವ್ವನ ಮೊಣಕಾಲು ಹಿಡಿದುಕೊಂಡವು, ನನ್ನ ಚೆಂಡೂ ಮಂಕಾಯಿತು. ಅದನ್ನು ಬಿಟ್ಟು ಚುರುಕಾಗಿ ತುಸು ದೂರ ಓಡಿ ನಿಲ್ಲುವುದು, ಮತ್ತೆ ಓಡುವುದು. ಅದು ಇಬ್ಬರಿಗೂ ಒಗ್ಗಿತು. ಒಂದೇ ಕಾಲಿನ ಮೇಲೆ ಕೂತು ಏಳುವುದು ಒಗ್ಗಿತು. ಹಳೆಯ ಸೀರೆಯಲ್ಲಿ ಮರಳು ಕಟ್ಟಿ ಗುಂಡು ಮಾಡಿ, ಸೊಂಟ ತಿರುಗಿಸಿ ಗೋಡೆಗೆ ಎಸೆಯುವುದನ್ನು ಹಿಡಿಸಿದರು. ಮೊದಲ ವಾರವೇ ಸಾವಂತ್ರಿ ಅಂಗೈ ಊದಿಕೊಂಡು ಬೈಯತೊಡಗಿದಳು. ರೊಟ್ಟಿ ಮೊದಲಿಗಿಂತ ಕೂದಲೆಳೆಯಷ್ಟೇ ಹೆಚ್ಚು ದಪ್ಪವಾಗಿತ್ತು.

“ಇದು ನಡೀತೈತಿ,” ಅಂದರು ಉಸ್ತಾದರು, ರೊಟ್ಟಿ ಕೆಳಗಿಟ್ಟು.

“ನಡೀತೈತಿ ಅಂತ ಹೇಳಬೇಕಾದವ್ರು ಉಣ್ಣಾವ್ರು,” ಅಂದ ಅಡಿವೆಪ್ಪ ಕಾಕಾ. “ಉಸ್ತಾದ್ರ, ನೀವು ಬೆಳಕಿಗೆ ಹಿಡಿದ ರೊಟ್ಟಿನೆಲ್ಲಾ ನನ್ನ ತಾಟಿಗೇ ಹಾಕ್ತಾಳ ಈಕಿ.”

“ನನ್ನ ಕೈ ಹತ್ತಿದ್ದು ಪ್ರಸಾದ, ತಿನ್ನೋ ಮಾರಾಯಾ.”

ಒಂದು ಸಾಮು ಮಾತ್ರ ಬಗೆಹರಿಯಲಿಲ್ಲ. ಜೋಳ ತುಂಬಿಡುವ ನಮ್ಮ ದೊಡ್ಡ ಡಬ್ಬಿಯೊಳಗೆ ಮೊಣಕೈ ತನಕ ಕೈ ಇಳಿಸಿ, ಕಾಳನ್ನು ಹಿಡಿ ಹಿಡಿಯಾಗಿ ಹಿಂಡುವುದು. ಅದರಿಂದ ಚೆಂಡಿನ ಮೇಲಿನ ಹಿಡಿತ ಬಹಳ ಚೆನ್ನಾಯಿತು. ಆದರೆ ನಾನು ಕಾಳು ಹಿಂಡಿದಷ್ಟು ಹೊತ್ತೂ ದೊಡ್ಡವ್ವನ ಬೆರಳು ಹಿಟ್ಟಿನಲ್ಲಿ ಸತ್ತಂತಾಗುತ್ತಿದ್ದವು. ಉಸ್ತಾದರು ಬಿಟ್ಟುಬಿಡು ಅಂದರು. ದೊಡ್ಡವ್ವ ಒಲೆಯ ಮುಂದಿನಿಂದ, “ಬಿಡೂದ್ಯಾಕ? ನನ್ನ ರೊಟ್ಟಿ ಮುಗಿದ ಮ್ಯಾಲ ಮಾಡ್ಲಿ. ಆವಾಗ ನನ್ನ ಬೆರಳಿಗೇನು ಕೆಲಸ, ಎಲಿ ಅಡಕಿ ಮಡಚೋದು,” ಅಂದಳು. ಅಷ್ಟು ದಿನ ನಾವು ಯಾವ ಸಾಮು ಎಂದು ನೋಡಿದ್ದೆವು, ಯಾವ ಹೊತ್ತು ಎಂದು ನೋಡಿರಲಿಲ್ಲ. ಬೆಳಗಿನ ಸಾಮೆಲ್ಲ ಮಧ್ಯಾಹ್ನದ ಊಟ ಮುಗಿದ ಮೇಲಕ್ಕೆ ಬಂತು. ಸಂತೆಯ ದಿನ ಖಾನಾವಳಿ ಕಿಕ್ಕಿರಿಯುವುದರಿಂದ ಅವತ್ತು ಸಾಮೇ ಇಲ್ಲ. ಹಾಗೆ ಸುಮ್ಮನಿದ್ದ ಮಾರನೆಯ ದಿನ ಚೆಂಡು ಇನ್ನೂ ಚುರುಕಾಗಿ ಹೋಗುವುದನ್ನು ಕಂಡು ಉಸ್ತಾದರು ಬೆರಗಾದರು. ದೊಡ್ಡವ್ವ ಈಗ ನಿಜವಾಗಿ ಕೂರುತ್ತಿದ್ದಳು. ಬಾಗಿಲಿಗೆ ಒರಗಿ ಕಾಲು ಚಾಚಿ, “ಕುಂತೇನೀ” ಅಂದರೆ ದನಿಯಲ್ಲೇ ಅದು ತಿಳಿಯುತ್ತಿತ್ತು. ಉಸ್ತಾದರು ಒಂದು ಸಂಜೆ ಸಂಗ್ರಾಣಿ ಕಲ್ಲನ್ನು ಉರುಳಿಸಿ ಗರಡಿಯ ಮೂಲೆಗೆ ಸೇರಿಸಿದರು. ಈಗ ಅದರ ಮೇಲೆ ನಮ್ಮ ಕೈಗವಸುಗಳು ಒಣಗುತ್ತವೆ.

ಆ ಸಲ ಹೊಳೆ ಬೇಗ ಇಳಿದು, ಆಚೆಯವರು ಬರುವ ದಿನ ಸಂತೆಯ ದಿನಕ್ಕೇ ಬಿತ್ತು. ಬೇರೆ ದಿನ ಅವರಿಗೆ ಆಗುವುದಿಲ್ಲವೆಂದರು. ದೊಡ್ಡವ್ವ ಅಂಗಡಿ ಮುಚ್ಚುತ್ತೇನೆ ಅಂದಳು. ನಾನು ಒಪ್ಪಲಿಲ್ಲ. ಸಂತೆಗೆ ಹತ್ತೂ ಹಳ್ಳಿಯಿಂದ ಬಂದವರು ಅವಳ ರೊಟ್ಟಿಯನ್ನು ನೆನೆದುಕೊಂಡೇ ಬರುತ್ತಾರೆ. “ನಿನ್ನ ಪಾಲು ನೀ ಇಟ್ಕೊ. ನನ್ನ ಪಾಲಿನಾಗ ನಾ ಆಡತೀನಿ. ನಾ ಇವತ್ತ ಎತ್ತತೇನೀ ಅನ್ನೂದಿಲ್ಲ,” ಅಂದೆ. ಬೆಳಿಗ್ಗೆ ಇಬ್ಬರೂ ಒಂದೊಂದು ಕಟ್ಟಿಗೆ ಇಟ್ಟೆವು. ಅವಳು ನನ್ನ ಕೈಯಲ್ಲಿ ಬೆಲ್ಲದ ಚೂರು ಇಟ್ಟಳು.

ಆಟದ ಬಯಲು ರಸ್ತೆಗೆ ಹತ್ತಿಕೊಂಡಿದೆ. ಮೊದಲರ್ಧ ಚೆನ್ನಾಗಿ ಹೋಯಿತು. ಕಾಲಿನಿಂದ ಎದ್ದ ಕಸುವು ಸೊಂಟದಲ್ಲಿ ತಿರುಗಿ ಬೆರಳ ತುದಿಯಿಂದ ಬಿಟ್ಟು ಹೋಗುವುದು ನನಗೇ ತಿಳಿಯುತ್ತಿತ್ತು. ಹೋದ ವರ್ಷ ಸೋತ ಹೊತ್ತಿಗೆ ಈ ಸಲ ತೋಳು ಬಿಸಿಯಾಗಿಯೂ ಇರಲಿಲ್ಲ. ಆದರೆ ಬಿಸಿಲು ನೆತ್ತಿ ದಾಟಿದಾಗ ಸಂತೆಯ ಹಸಿವು ಖಾನಾವಳಿಗೆ ನುಗ್ಗಿತು. ನನಗೆ ಕಾಣದಿದ್ದರೂ ಗೊತ್ತಾಯಿತು. ಮೊಣಕೈಯಿಂದ ಕೆಳಗೆ ಏನೋ ಸೋರಿಹೋದ ಹಾಗೆ. ಅಲ್ಲಿ ರೊಟ್ಟಿ ಬೀಳುತ್ತಿದ್ದವು, ಒಂದರ ಮೇಲೊಂದು. ಕೊನೆಯ ಇನಿಂಗ್ಸಿಗೆ ಬರುವಾಗ ನಾವು ಒಂದೇ ರನ್ನಿನಿಂದ ಮುಂದಿದ್ದೆವು. ನನ್ನ ಚೆಂಡು ಮತ್ತೆ ಬ್ಯಾಟಿಗೆ ಹೇಳಿ ಕಳಿಸಿದ ಹಾಗೆ ಹೋಗುತ್ತಿತ್ತು. ರಸ್ತೆಯಲ್ಲಿ ಮಧ್ಯಾಹ್ನದ ಬಸ್ಸು ಬಂದು ನಿಂತಿತು, ಕಿಟಕಿಗಳಲ್ಲೆಲ್ಲ ತಲೆ. ತುಸು ಹೊತ್ತು ನೋಡಿ ಹೊರಟುಹೋಯಿತು.

ಉಸ್ತಾದರು ಗೆರೆಯ ಹತ್ತಿರ ಬಂದು, “ಒದರು, ಬೇಟಿ. ಒಂದು ಸಲ ಎತ್ತತೇನೀ ಅನ್ನು. ಸಂತಿ ಮುಟ್ಟೂದು ಎಷ್ಟೊತ್ತಿನ ಮಾತು,” ಅಂದರು.

“ಬ್ಯಾಡ್ರಿ ಉಸ್ತಾದ್ರ. ಆಕಿ ಕುಂದ್ರೂ ದಿನ ಅಲ್ಲಿದು.”

“ಸೋತ್ರ?”

“ಇದ್ದಷ್ಟರಾಗ ಸೋಲತೀನ್ರಿ.”

ಮೂವರು ಔಟಾದರೆ ಅವರ ಸರದಿ ಮುಗಿಯುತ್ತದೆ, ಇಬ್ಬರನ್ನು ಹೇಗೋ ಔಟು ಮಾಡಿದೆವು. ಅವರ ಒಬ್ಬಳು ಎರಡನೆಯ ಬೇಸಿನಲ್ಲಿ, ಒಬ್ಬಳು ಮೂರನೆಯದರಲ್ಲಿ, ಓಡಿಬಂದು ರನ್ನು ಮಾಡಲು ಕಾದು ನಿಂತಿದ್ದರು. ಬ್ಯಾಟಿಗೆ ಬಂದವಳು ಅವರಲ್ಲೇ ಗಟ್ಟಿಗಿತ್ತಿ. ಒಂದು ಒಳ್ಳೆಯ ಏಟು ಬಿದ್ದರೆ ಆಟ ಮುಗಿದಂತೆ. ಚೆಂಡನ್ನು ಕೈಗೆ ತೆಗೆದುಕೊಂಡಾಗ ಅದು ಕಲ್ಲಿನ ಗುಂಡಿನಷ್ಟು ಭಾರವೆನಿಸಿತು.

ಆಗ ಬಂತು. ಮೊದಲು ಪಾದಕ್ಕೆ ಬಂತು, ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಟ್ಟ ಹಾಗೆ. ದೊಡ್ಡವ್ವ ಕೂತಳು ಅಂದುಕೊಂಡೆ. ಆದರೆ ಅದು ನಿಲ್ಲಲೇ ಇಲ್ಲ. ಮೊಣಕಾಲು ಏರಿತು, ಸೊಂಟ ಏರಿತು. ಗಿಣ್ಣು ಬಾತ ಒಬ್ಬ ಹೆಂಗಸಿನ ಕಸುವು ಅಷ್ಟಿರಲು ಸಾಧ್ಯವೇ ಇಲ್ಲ. ಹಿಂದಿನ ವರ್ಷದ ನಾನಾಗಿದ್ದರೆ ಅಷ್ಟನ್ನೂ ತೋಳಿನಿಂದಲೇ ಬಿಟ್ಟು ಚೆಂಡನ್ನು ಹೊಳೆ ದಾಟಿಸುತ್ತಿದ್ದೆ. ಈಗ ಅದಕ್ಕೊಂದು ದಾರಿ ಇತ್ತು. ಹಿಂಬಡ ಊರಿ, ಸೊಂಟ ತಿರುಗಿಸಿ, ತೋಳನ್ನು ಸುಮ್ಮನೆ ಅದರ ಹಿಂದೆ ಬರಲು ಬಿಟ್ಟೆ. ಸಾವಂತ್ರಿಯ ಕೈಗವಸು ಸಿಡಿಲಿನಂತೆ ಸದ್ದು ಮಾಡಿತು. ಬ್ಯಾಟಿನವಳು ಅಲುಗಿರಲಿಲ್ಲ. ಎರಡನೆಯದಕ್ಕೆ ಬೀಸಿದಳು, ಆಗಲೇ ಚೆಂಡು ದಾಟಿಹೋಗಿತ್ತು. ಮೂರನೆಯದು ಬ್ಯಾಟಿನ ಅಂಚಿಗೆ ತಾಗಿ ನೆಟ್ಟಗೆ ಮುಗಿಲಿಗೆ ಹೋಯಿತು. ಸಾವಂತ್ರಿ ಮುಖದ ಜಾಲರಿ ಕಿತ್ತೆಸೆದು, ಅದರ ಕೆಳಗೆ ಹುಚ್ಚಿಯ ಹಾಗೆ ಸುತ್ತಿ, ಕೊನೆಗೆ ಹೊಟ್ಟೆಗೆ ಅವಚಿಕೊಂಡು ಹಿಡಿದಳು. ಗೆದ್ದೆವು.

ಎಲ್ಲರೂ ಕುಣಿಯುತ್ತಿದ್ದರು. ನಾನು ಬಸ್‌ಸ್ಟ್ಯಾಂಡಿನ ಕಡೆ ಓಡಿದೆ.

ಖಾನಾವಳಿಯಲ್ಲಿ ದೊಡ್ಡವ್ವ ಗಿರಾಕಿಗಳ ಬೆಂಚಿನ ಮೇಲೆ ಕೂತಿದ್ದಳು, ಅಂಗೈ ಮೇಲೆ ಮಾಡಿ ಮಡಿಲಲ್ಲಿಟ್ಟುಕೊಂಡು. ಅವಳ ಅಕ್ಕಪಕ್ಕ, ಎದುರು ಬೆಂಚಿನ ಮೇಲೆ, ನೆಲದ ಮೇಲೆ, ಹೊರಗೆ ಕಟ್ಟೆಯ ಮೇಲೆ ಸಂತೆಯ ಮಂದಿ ಕೂತಿದ್ದರು. ಬಳೆಗಾರ, ಕುರಿ ಮಾರಲು ಬಂದವರು, ಬಸ್ಸಿನ ಡ್ರೈವರ. ಒಲೆಯ ಬಾಯಿ ತುಂಬ ಕಟ್ಟಿಗೆ, ಒಬ್ಬೊಬ್ಬರು ಇಟ್ಟ ಒಂದೊಂದು. ಪರಾತದ ಮುಂದೆ ಅಡಿವೆಪ್ಪ ಕಾಕಾ, ಖಾಕಿ ಅಂಗಿಯ ತೋಳು ಮಡಚಿ, ಹುಬ್ಬಿನ ತನಕ ಹಿಟ್ಟು ಬಳಿದುಕೊಂಡು ರೊಟ್ಟಿ ಬಡಿಯುತ್ತಿದ್ದ.

“ಹುಡುಗಿ ತೋಳು ಜೋತು ಬಿದ್ದಾವ ಅಂತ ಈ ಖೋಡಿ ಬಂದು ಹೇಳಿದ,” ಅಂದಳು ದೊಡ್ಡವ್ವ, ಕಾಕಾನ ಕಡೆ ಗದ್ದ ತೋರಿಸಿ. “ನಾ ಹಿಟ್ಟು ಬಿಟ್ಟು ಕುಂತೆ. ಕುಂತು ನೋಡ್ತೀನಿ, ಒಬ್ಬೊಬ್ಬನ ಎದ್ದು ಒಲಿಗೆ ಕಟಗಿ ಇಡಾಕತ್ತಾರ. ಬ್ಯಾಡ್ರೋ, ನಾಳಿತನಕ ಗಂಟು ಬೀಳ್ತೀರಿ ಅಂದೆ. ಕೇಳಿದ್ರ?”

“ಇಷ್ಟು ವರ್ಷ ಉಂಡೀವಲ್ಲ, ಮೈಯಾಗ ಇರೋದು ಯಾರ ರೊಟ್ಟಿ ಕಸುವು?” ಅಂದ ಅಡಿವೆಪ್ಪ ಕಾಕಾ, ತಲೆ ಎತ್ತದೆ. “ಗೆದ್ರಿಲ್ಲೋ? ಗೆದ್ದಿದ್ರ ಇದನ್ನ ಉಣ್ಣು. ಸೋತಿದ್ರೂ ಇದನ್ನ ಉಣ್ಣು, ಬ್ಯಾರೆ ಇಲ್ಲ.”

ಅವನ ರೊಟ್ಟಿಗೆ ಒಂದು ಆಕಾರವಿರಲಿಲ್ಲ. ಒಂದು ಕಡೆ ಬೆರಳಷ್ಟು ದಪ್ಪ, ಒಂದು ಕಡೆ ತೂತು. ದೊಡ್ಡವ್ವನ ಪಕ್ಕ ಕೂತು ಪೂರ್ತಿ ಉಂಡೆ. “ಕಾಕಾ, ಇದು ರೊಟ್ಟಿಯೋ, ಕೌದಿಯೋ?” ಎಂದು ಕೇಳಬೇಕೆಂದಿದ್ದೆ, ಬಾಯಿ ತುಂಬ ತುತ್ತಿತ್ತು. ಅವತ್ತು ಬಸ್ಸಿನ ಮೇಲೆ ಗಂಟುಗಳನ್ನು ಪ್ರಯಾಣಿಕರೇ ಏರಿಸಿಕೊಂಡರಂತೆ. ಕುರಿಯವರು ಕುರಿಗಳನ್ನು ನಡೆಸಿಕೊಂಡು ಹೋಗಲಾರದೆ ಊರಲ್ಲೇ ಉಳಿದರು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಕಟ್ಟಿಗೆ ಇಟ್ಟವರೆಲ್ಲ ಬಂದು ಬೆಂಚು ತುಂಬಿದ್ದರು. “ಬೂದಿ ತಗೀರವಾ ಲಗೂನ,” ಅಂದ ಅಡಿವೆಪ್ಪ ಕಾಕಾ. “ರಾತ್ರಿ ಬಸ್ಸಿಗೆ ತಿರುಗಿ ಬಂದೀನಿ, ಇವತ್ತ ಮೊದಲ ಬಸ್ಸಿಗೆ ಗಂಟು ಏರಸೋದೈತಿ. ನೀಲೀ, ನೀ ಹೊಳ್ಳಿ ಮಲಗಿದಾಗೆಲ್ಲಾ ನನ್ನ ಕೈ ಜೋಮು ಹಿಡಿದಾವ.” ದೊಡ್ಡವ್ವ ಎಲ್ಲರಿಗೂ ಚಹಾ ಕೊಟ್ಟು, ತಾನೂ ಒಂದು ಕಪ್ಪು ಹಿಡಿದು ಅವರ ನಡುವೆ ಜಾಗ ಮಾಡಿಕೊಂಡಳು.

ನಾನು ಒಲೆಯ ಮುಂದೆ ಕೂತು ಬೂದಿಯನ್ನು ಬುಟ್ಟಿಗೆ ತೋಡಿದೆ. ಎಂದಿನ ನಾಲ್ಕರಷ್ಟಿತ್ತು, ಆದರೂ ಬೂದಿಯೇ, ಅದಕ್ಕೇನು ಭಾರ. ನಮ್ಮೂರಿನಲ್ಲಿ ಬೂದಿಗೆ ಯಾರೂ ಕೂಗುವುದಿಲ್ಲ. ಬುಟ್ಟಿಗೆ ಎರಡೂ ಕೈ ಹಚ್ಚಿ, ಬಾಗಿಲ ಕಡೆ ಮುಖ ಮಾಡಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ.

“ಎತ್ತತೇನೀ.”

ಬೆಂಚಿನ ಮೇಲಿದ್ದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಯಾರೋ ನಕ್ಕರು. ಆಮೇಲೆ ಕಪ್ಪುಗಳನ್ನು ಕೆಳಗಿಡುವ ಸದ್ದು ಒಂದರ ಹಿಂದೊಂದು ಕೇಳಿಸಿತು. ಕೊನೆಗೆ ಅವರೆಲ್ಲರ ದನಿ ಬಂತು, ನಡುವೆ ದೊಡ್ಡವ್ವನದೂ.

“ಕುಂತೇವೀ.”